ಕಡ್ಡಿಯ ನಂಬರಿನ ಹಿಂದೊಂದು ಕಥೆ

ಕುವೆಂಪುನಗರದಲ್ಲಿ ಮನೆ ಬಿಟ್ಟು ಮನೆಯ ಮಕ್ಕಳು ಅಮೆರಿಕದಲ್ಲಿದ್ದಾರೆ ಎಂದರೆ ಅದು ಉತ್ಪ್ರೇಕ್ಷೆ, ಆದರೆ ತೀರಾ ಸುಳ್ಳೇನಲ್ಲ. ಅಲ್ಲಿ ವಾಸವಾಗಿರುವ ನಮ್ಮ ಅತ್ತಿಗೆಗೆ ಮಗಳು ಉಲ್ಲನ್ ಉಂಡೆಗಳ ಜೊತೆ ಸ್ವೆಟರಿನ ಮಾದರಿಯೊಂದನ್ನೂ ಕಳಿಸಿದ್ದಳು. ಮೊಮ್ಮಗುವಿನ ಮೊದಲ ಚಳಿಗಾಲ. ‘8ನೇ ನಂಬರ್ ಕಡ್ಡಿ, ಸುತ್ತಳತೆಗೆ 90 ಹೊಲಿಗೆ, 20 ಇಂಚು’ ಎಂದು ಮಾದರಿಯಲ್ಲಿ ಬರೆದಿತ್ತು. ಅತ್ತಿಗೆಯ ಡಬ್ಬಿಯಲ್ಲಿ 8ನೇ ನಂಬರ್ ಕಡ್ಡಿ ಇದ್ದೇ ಇತ್ತು. ಒಂದು ತಿಂಗಳು ಕೂತು ಹೆಣೆದರು. ಸ್ವೆಟರ್ ತಯಾರಾದಾಗ ಅದರ ಸುತ್ತಳತೆ 16 ಇಂಚು ಚಿಲ್ಲರೆ! ಮಗುವಿಗಲ್ಲ, ಗೊಂಬೆಗೆ ಹಾಕಬಹುದಿತ್ತು.

ಹೆಣಿಗೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ‘8’ ಎಂಬ ಅಂಕಿಯಲ್ಲಿ. ನಮ್ಮ ಅಂಗಡಿಗಳಲ್ಲಿ 8ನೇ ನಂಬರ್ ಎಂದರೆ 4 ಮಿಲಿಮೀಟರ್ ದಪ್ಪದ ಕಡ್ಡಿ. ಅಮೆರಿಕದಲ್ಲಿ ಅದೇ ನಂಬರಿನ ಕಡ್ಡಿ 5 ಮಿಲಿಮೀಟರ್. ಇನ್ನೂ ವಿಚಿತ್ರವೆಂದರೆ, ನಮ್ಮಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ಸಣ್ಣದಾಗುತ್ತದೆ, ಅಲ್ಲಿ ದಪ್ಪವಾಗುತ್ತದೆ.

ಈ ತಿರುಗುಮುರುಗು ಲೆಕ್ಕ ಎಲ್ಲಿಂದ ಬಂತೆಂದು ತಿಳಿಯಲು ಅಕ್ಕಸಾಲಿಗನ ಅಂಗಡಿಗೆ ಹೋಗಬೇಕು. ಬೆಳ್ಳಿಯ ಕಂಬಿಯನ್ನು ಸಣ್ಣ ಮಾಡಲು ಆತ ಕಂಬಚ್ಚಿನ ರಂಧ್ರದಲ್ಲಿ ತೂರಿಸಿ ಎಳೆಯುತ್ತಾನೆ. ಒಮ್ಮೆ ಎಳೆದರೆ ಸಾಲದು. ಒಂದಕ್ಕಿಂತ ಒಂದು ಕಿರಿದಾದ ರಂಧ್ರಗಳಲ್ಲಿ ಮತ್ತೆ ಮತ್ತೆ ಎಳೆಯಬೇಕು. ಇಂಗ್ಲೆಂಡಿನ ತಂತಿ ತಯಾರಕರು ಮಾಡುತ್ತಿದ್ದುದೂ ಇದನ್ನೇ. ಅವರ ನಂಬರ್ ಮೂಲತಃ ದಪ್ಪವನ್ನು ಅಳೆದದ್ದಲ್ಲ, ಎಷ್ಟು ಸಲ ಎಳೆದರೆಂದು ಎಣಿಸಿದ್ದು. ಹೆಚ್ಚು ಎಳೆದಷ್ಟೂ ತಂತಿ ಸಣ್ಣ, ನಂಬರ್ ದೊಡ್ಡದು. ಹೆಣಿಗೆಯ ಕಡ್ಡಿಯೂ ಆಗ ಉಕ್ಕಿನ ತಂತಿಯ ತುಂಡೇ ಆಗಿದ್ದರಿಂದ ಈ ಎಣಿಕೆ ಅದಕ್ಕೂ ಅಂಟಿಕೊಂಡಿತು.

ಆದರೆ ಒಬ್ಬೊಬ್ಬ ತಯಾರಕನ ಎಣಿಕೆ ಒಂದೊಂದು ಬಗೆ. 1840ರ ದಶಕದಲ್ಲಿ ಹೆಣಿಗೆಯ ಪುಸ್ತಕಗಳು ಇಂಗ್ಲೆಂಡಿನಲ್ಲಿ ಧಾರಾಳವಾಗಿ ಅಚ್ಚಾಗತೊಡಗಿದಾಗ, ಕಾಣದ ಓದುಗಳಿಗೆ ಕಡ್ಡಿಯ ದಪ್ಪವನ್ನು ಹೇಗೆ ತಿಳಿಸುವುದೆಂಬ ಸಮಸ್ಯೆ ಎದ್ದಿತು. ರಂಧ್ರಗಳುಳ್ಳ ಲೋಹದ ಅಳತೆತಟ್ಟೆಗಳು ಬಂದವು. ಗಂಟೆಯಾಕಾರದ ಅಂಥ ತಟ್ಟೆಗಳನ್ನು ಹಳೆಯ ವಸ್ತು ಸಂಗ್ರಹಿಸುವವರು ಇಂದಿಗೂ ಹುಡುಕುತ್ತಾರೆ. ತಂತಿಯ ಗೇಜು ಬ್ರಿಟನ್ನಿನಲ್ಲಿ ಕಾನೂನಿನ ಮೂಲಕ ಒಂದೇ ಆದದ್ದು 1884ರಲ್ಲಿ.

ಇದೇ ಲೆಕ್ಕ ಬ್ರಿಟಿಷರ ಸಾಮಾನುಗಳೊಂದಿಗೆ ನಮ್ಮಲ್ಲಿಗೂ ಬಂತು. ನಮ್ಮ ಕುರುಬರ ಕಂಬಳಿ ಮಗ್ಗದ್ದು, ಕಡ್ಡಿಯದಲ್ಲ. ಎರಡು ಕಡ್ಡಿಗಳ ಹೆಣಿಗೆ ಇಲ್ಲಿ ಹರಡಿದ್ದರಲ್ಲಿ ಮಿಷನ್ನಿನವರು ನಡೆಸಿದ ಹೆಣ್ಣುಮಕ್ಕಳ ಶಾಲೆಗಳ ಪಾಲು ದೊಡ್ಡದು. ಅಕ್ಷರದ ಜೊತೆಗೆ ಹೊಲಿಗೆ, ಹೆಣಿಗೆಗಳೂ ಅಲ್ಲಿ ಪಾಠವಾಗಿದ್ದವು. ಮುಂದೆ ಬ್ರಿಟನ್ 1970ರ ದಶಕದಲ್ಲಿ ಮಿಲಿಮೀಟರಿಗೆ ಬದಲಾಯಿತು. ನಾವು 1956ರ ಕಾಯಿದೆಯಿಂದ ಸೇರು, ಗಜಗಳನ್ನು ಬಿಟ್ಟವರು, ಕಡ್ಡಿಯ ನಂಬರನ್ನು ಮಾತ್ರ ಬಿಡಲಿಲ್ಲ. ‘ಅಂಚಿಗೆ ಹತ್ತು, ಮೈಗೆ ಎಂಟು’ ಎಂಬ ಮಾತು ಹೆಣೆಯುವವರ ಬಾಯಲ್ಲಿ ಇನ್ನೂ ಇದೆ. ಮೋಟರಿಗೆ ತಂತಿ ಸುತ್ತುವ ಅಂಗಡಿಯವನ ಗೇಜು, ಇಂಜೆಕ್ಷನ್ ಸೂಜಿಯ ಗೇಜು ಇದೇ ವಂಶದವು. ರಕ್ತದಾನಿಯ ತೋಳಿಗೆ ಚುಚ್ಚುವ 16ರ ಸೂಜಿ ದಪ್ಪ, ಮಗುವಿಗೆ ಚುಚ್ಚುವ 26ರ ಸೂಜಿ ಸಣ್ಣ.

ಕುವೆಂಪುನಗರದಿಂದ ದೂರವೇನಿಲ್ಲದ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಗೆ ಹೋದರೆ ಲೆಕ್ಕ ಮತ್ತೆ ತಲೆಕೆಳಗು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ರೇಷ್ಮೆಯ ನೇಯ್ಗೆಗೆ ಬಳಸುವ ಎಳೆಯನ್ನು ಅಳೆಯುವುದು ಡೆನಿಯರಿನಲ್ಲಿ, ಅಂದರೆ 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರಲ್ಲಿ. ಅಲ್ಲಿ ಅಂಕಿ ಹೆಚ್ಚಿದರೆ ಎಳೆ ದಪ್ಪ. ಹತ್ತಿ ನೂಲಿನ ಕೌಂಟಿನಲ್ಲಿ ಮಾತ್ರ 100 ಎಂದರೆ 40ಕ್ಕಿಂತ ಸಣ್ಣ ನೂಲು. ಅಂಕಿ ಕೇಳಿದೊಡನೆ, ಎಣಿಸಿದ್ದು ಏನನ್ನು ಎಂದು ಕೇಳುವುದು ಕ್ಷೇಮ.

ಅಮೆರಿಕದ ಮಾದರಿ ಕೈಗೆ ಬಂದವರಿಗೆ ಒಂದು ಸುಲಭದ ಉಪಾಯವುಂಟು. ಅಲ್ಲಿನ 5ರಿಂದ 10ರವರೆಗಿನ ನಂಬರುಗಳನ್ನು 14ರಿಂದ ಕಳೆದರೆ ನಮ್ಮ ನಂಬರ್ ಸಿಗುತ್ತದೆ. ಅವರ 8 ನಮ್ಮ 6. ಎರಡೂ ಕಡೆ ಒಂದೇ ಆಗಿರುವುದು 7 ಮಾತ್ರ, ನಾಲ್ಕೂವರೆ ಮಿಲಿಮೀಟರ್. ಈಗಿನ ಎಷ್ಟೋ ಕಡ್ಡಿಗಳ ಮೇಲೆ ಮಿಲಿಮೀಟರೂ ಅಚ್ಚಾಗಿರುತ್ತದೆ. ಅದನ್ನು ನಂಬುವುದು ಇನ್ನೂ ಒಳ್ಳೆಯದು.

ಆದರೆ ಕಡ್ಡಿ ಸರಿಯಾದ ಮಾತ್ರಕ್ಕೆ ಸ್ವೆಟರ್ ಸರಿಯಾಗದು. ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಮಾದರಿಯಲ್ಲಿ ‘4 ಇಂಚಿಗೆ 18 ಹೊಲಿಗೆ’ ಎಂದಿದ್ದರೆ ಮೊದಲು ಅಂಗೈಗಿಂತ ತುಸು ದೊಡ್ಡ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 4 ಇಂಚಿನಲ್ಲಿ ಎಣಿಸಬೇಕು. 18ಕ್ಕಿಂತ ಹೆಚ್ಚು ಬಂದರೆ ಕೈ ಬಿಗಿ, ಇನ್ನೂ ದಪ್ಪ ಕಡ್ಡಿ ಬೇಕು. ಕಡಿಮೆ ಬಂದರೆ ಸಣ್ಣದು. ಒಂದು ಸಂಜೆ ಹಾಳು ಎಂದು ಇದನ್ನು ಬಿಡುವವರೇ ಹೆಚ್ಚು. ಅತ್ತಿಗೆಯೂ ಬಿಟ್ಟಿದ್ದರು. ಅವರ 4 ಮಿಲಿಮೀಟರ್ ಕಡ್ಡಿಯಲ್ಲಿ 4 ಇಂಚಿಗೆ 22 ಹೊಲಿಗೆ ಬಿದ್ದಿದ್ದವು. ಸುತ್ತಳತೆಯ ಮೂರೂವರೆ ಇಂಚಿಗೂ ಹೆಚ್ಚು ನುಂಗಿದ್ದು ಅದೇ.

ಅವರು ಅತ್ತುಕೊಂಡು ಕೂರಲಿಲ್ಲ. ಸ್ವೆಟರ್ ಬಿಚ್ಚಿ, ಉಲ್ಲನ್ ಒದ್ದೆ ಮಾಡಿ, ಸುಕ್ಕು ಬಿಡಿಸಿ ಮತ್ತೆ ಉಂಡೆ ಕಟ್ಟಿದರು. ಅಂಗಡಿಯಲ್ಲಿ 6ನೇ ನಂಬರ್ ಸಿಗಲಿಲ್ಲ, 7 ಇತ್ತು. ಈ ಸಲ ತುಂಡು ಹೆಣೆದು ನೋಡಿದರು: 4 ಇಂಚಿಗೆ 20. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಹಾಕಿ, ಮಾದರಿಯ 90ನ್ನು ಹೊಡೆದು 100 ಎಂದು ಬರೆದುಕೊಂಡು, ಕಡ್ಡಿಗೆ ಹೊಲಿಗೆ ಏರಿಸತೊಡಗಿದರು.