ರೆಂಬ್ರಾಂಟನ ಚಿತ್ರಗಳಲ್ಲಿ ಭಾವ

ಮಾನವನ ಅಂತರಂಗವು ಕಣ್ಣಿಗೆ ಕಾಣತಕ್ಕ ವಸ್ತುವಲ್ಲ. ಕವಿಗೆ ಮಾತುಂಟು, ನಟನಿಗೆ ಚಲನೆಯುಂಟು. ಚಿತ್ರಕಾರನಿಗಾದರೋ ಇರುವುದು ನಿಶ್ಚಲವಾದ ಒಂದು ಕ್ಷಣ ಮಾತ್ರ. ಆ ಕ್ಷಣದಲ್ಲಿ ಶೋಕವನ್ನೋ ಕರುಣೆಯನ್ನೋ ತೋರಿಸಬೇಕಾದರೆ ಅವನು ಯಾವುದನ್ನು ಆಶ್ರಯಿಸಬೇಕು? ಯೂರೋಪಿನ ಬರೋಕ್ ಯುಗದಲ್ಲಿ ಈ ಪ್ರಶ್ನೆಯನ್ನು ಜೀವಮಾನವಿಡೀ ಶೋಧಿಸಿದವರಲ್ಲಿ ಹಾಲೆಂಡಿನ ರೆಂಬ್ರಾಂಟನು ಅಗ್ರಗಣ್ಯನು. ಅವನ ಮೂರು ಚಿತ್ರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡೋಣ.

ರೆಂಬ್ರಾಂಟನು 1606ರಲ್ಲಿ ಲೈಡನ್ ನಗರದ ಗಿರಣಿಯವನೊಬ್ಬನ ಮಗನಾಗಿ ಹುಟ್ಟಿದನು. 1629ರಲ್ಲಿ, ಇನ್ನೂ ತರುಣನಾಗಿದ್ದಾಗ, ಯೇಸುವನ್ನು ಹಿಡಿದುಕೊಟ್ಟ ಯೂದನು ತಾನು ಪಡೆದ 30 ಬೆಳ್ಳಿಯ ನಾಣ್ಯಗಳನ್ನು ಹಿಂದಿರುಗಿಸುವ ಪ್ರಸಂಗವನ್ನು ಚಿತ್ರಿಸಿದನು. ಯೂದನು ಮೊಣಕಾಲೂರಿದ್ದಾನೆ, ಕೈಬೆರಳುಗಳು ಒಂದರೊಳಗೊಂದು ಹೆಣೆದು ಬಿಗಿದಿವೆ, ಕೂದಲನ್ನು ಕಿತ್ತುಕೊಂಡ ಗುರುತು ತಲೆಯ ಮೇಲಿದೆ, ನಾಣ್ಯಗಳು ನೆಲದಲ್ಲಿ ಚದುರಿವೆ. ಅರಮನೆಯ ಕಾರ್ಯದರ್ಶಿಯೂ ರಸಿಕನೂ ಆಗಿದ್ದ ಹೈಗೆನ್ಸನು ಈ ಒಂದು ಆಕೃತಿಯನ್ನೇ ಪ್ರಾಚೀನರ ಕೃತಿಗಳಿಗೆ ಸರಿಗಟ್ಟಿಸಿ ಕೊಂಡಾಡಿದನು. ನಮ್ಮ ಆಲಂಕಾರಿಕರು ಅನುಭಾವಗಳೆಂದು ಕರೆಯುವ ಬಾಹ್ಯ ಚಿಹ್ನೆಗಳೆಲ್ಲವೂ ಇಲ್ಲಿ ನೆರೆದಿವೆ. ಯಾವುದನ್ನೂ ಚಿತ್ರಕಾರನು ನೋಡುವವನ ಊಹೆಗೆ ಬಿಟ್ಟಿಲ್ಲ.

1636ರಲ್ಲಿ ಅವನು ತಾಮ್ರದ ತಗಡಿನಿಂದ ಅಚ್ಚೊತ್ತಿದ ಒಂದು ಚಿಕ್ಕ ಚಿತ್ರದ ವಿಷಯ ಲೂಕನ ಸುವಾರ್ತೆಯಲ್ಲಿ ಬರುವ ದುಂದುಗಾರ ಮಗನ ಕಥೆ. ಪಾಲಿನ ಆಸ್ತಿಯನ್ನು ಪರದೇಶದಲ್ಲಿ ಹಾಳುಮಾಡಿ ಹಸಿದು ಮರಳಿದ ಮಗನು ಮೆಟ್ಟಿಲ ಬಳಿ ಕುಸಿದಿದ್ದಾನೆ. ಅವನ ಮುಖ ನಮಗೆ ಕಾಣುತ್ತದೆ. ಬಾಯಿ ನೋವಿನಿಂದ ತೆರೆದಿದೆ. ತಂದೆ ಬಾಗಿ ಅವನನ್ನು ಹಿಡಿಯುತ್ತಾನೆ. ಆಳುಗಳು ಬಟ್ಟೆಯನ್ನು ತರುತ್ತಾರೆ. ಒಬ್ಬಳು ಕಿಟಕಿಯಿಂದ ಇಣುಕುತ್ತಾಳೆ. ಮನೆಯೆಲ್ಲ ಸಂಚಲನದಲ್ಲಿದೆ. 1639ರಲ್ಲಿ ಹೈಗೆನ್ಸನಿಗೆ ಬರೆದ ಪತ್ರದಲ್ಲಿ ರೆಂಬ್ರಾಂಟನು ತನ್ನ ಗುರಿಯನ್ನು ಸೂಚಿಸಲು ಬಳಸಿದ ಡಚ್ ಶಬ್ದಕ್ಕೆ ದೇಹದ ಚಲನೆಯೆಂದೂ ಮನಸ್ಸಿನ ಭಾವವೆಂದೂ ಎರಡು ಅರ್ಥ ಹೇಳುತ್ತಾರೆ. ಆಗಿನ ಅವನ ಕಲೆಯಲ್ಲಿ ಇವೆರಡೂ ಒಂದೇ ಆಗಿದ್ದುವು.

ಅವನ ಬಾಳು ಕಠಿನವಾಗಿತ್ತು. ಮೂರು ಮಕ್ಕಳು ಶಿಶುಗಳಾಗಿಯೇ ತೀರಿಕೊಂಡುವು. 1642ರಲ್ಲಿ ಪತ್ನಿ ಸಾಸ್ಕಿಯಾ ಮಡಿದಳು. 1656ರಲ್ಲಿ ಅವನು ದಿವಾಳಿಯಾದನು. 1668ರಲ್ಲಿ ಉಳಿದಿದ್ದ ಮಗ ಟೈಟಸನೂ ಹೋದನು. ಈ ದುಃಖವೇ ಚಿತ್ರವಾಯಿತೆಂದು ಹೇಳಿಬಿಡುವುದು ಸುಲಭ. ಆದರೆ ದುಃಖಪಟ್ಟವರೆಲ್ಲರೂ ಹಾಗೆ ಚಿತ್ರಿಸಲಿಲ್ಲ. ಅವನ ಕಣ್ಣು ಏನನ್ನು ಆರಿಸಿಕೊಂಡಿತೆಂಬುದನ್ನೇ ನಾವು ವಿಚಾರಿಸಬೇಕು.

1669ರಲ್ಲಿ ಸಾಯುವುದಕ್ಕೆ ಸ್ವಲ್ಪ ಮೊದಲು ಅವನು ಅದೇ ಕಥೆಗೆ ಹಿಂದಿರುಗಿದನು. ಎರಡೂವರೆ ಮೀಟರಿಗೂ ಮೀರಿದ ಎತ್ತರದ ಆ ವರ್ಣಚಿತ್ರವು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಇಲ್ಲಿ ಕೂಗಿಲ್ಲ, ಓಡಾಟವಿಲ್ಲ. ಮಗನ ಮುಖವು ತಂದೆಯ ಎದೆಯಲ್ಲಿ ಹುದುಗಿ ಬಹುಮಟ್ಟಿಗೆ ಮರೆಯಾಗಿದೆ. ನಮಗೆ ಕಾಣುವುದು ಬೋಳಿಸಿದ ತಲೆ, ಹರಿದ ಉಡುಪು, ಮತ್ತು ನಮ್ಮ ಕಡೆಗೇ ತಿರುಗಿರುವ ಅಂಗಾಲು. ಕೆರ ಜಾರಿ ಬಿದ್ದಿದೆ. ಇನ್ನೊಂದು ಕಾಲಿನದು ಸವೆದು ಹರಿದಿದೆ. ಅವನು ನಡೆದು ಬಂದ ದಾರಿಯೆಲ್ಲ ಆ ಪಾದಗಳಲ್ಲಿದೆ. ತಂದೆಯ ಕಣ್ಣುಗಳು ಅರೆಮುಚ್ಚಿವೆ. ಕಾಣುವ ಕೆಲಸವನ್ನು ಕೈಗಳು ಮಾಡುತ್ತಿವೆ. ಒಂದು ಕೈ ಬೆರಳಗಲಿಸಿ ಭುಜವನ್ನು ಒತ್ತಿ ಹಿಡಿದಿದೆ, ಮತ್ತೊಂದು ಬೆನ್ನಿನ ಮೇಲೆ ಹಗುರವಾಗಿ ಇಳಿದಿದೆ.

ಬಲಗಡೆಯಲ್ಲಿ ಕೆಂಪು ನಿಲುವಂಗಿಯ ಪುರುಷನೊಬ್ಬನು ನೆಟ್ಟಗೆ ನಿಂತಿದ್ದಾನೆ. ಅವನು ಹಿರಿಯ ಮಗನೆಂದು ಬಹುಮಂದಿಯ ಅಭಿಪ್ರಾಯ. ಸುವಾರ್ತೆಯಲ್ಲಿ ಈ ಹಿರಿಯನು ಆಗ ಹೊಲದಲ್ಲಿರುತ್ತಾನೆ. ಚಿತ್ರಕಾರನು ಅವನನ್ನು ಬೇಕೆಂದೇ ಕರೆತಂದಂತಿದೆ. ಅವನ ಕೈಗಳು ಊರುಗೋಲಿನ ಮೇಲೆ ಒಂದನ್ನೊಂದು ಹಿಡಿದುಕೊಂಡಿವೆ. ತಂದೆಯ ಕೈಗಳು ತೆರೆದಿವೆ, ಇವನವು ಮುಚ್ಚಿವೆ. ದುಡಿದು ಮನೆಯಲ್ಲೇ ಉಳಿದವನ ಅಸಮಾಧಾನಕ್ಕೂ ಒಂದು ನ್ಯಾಯವುಂಟು. ರೆಂಬ್ರಾಂಟನು ಅವನ ಮುಖದಲ್ಲಿ ದ್ವೇಷವನ್ನು ಬರೆಯಲಿಲ್ಲ, ಬೆಳಕನ್ನೇ ಬೀರಿದನು.

ತರುಣ ರೆಂಬ್ರಾಂಟನು ಭಾವವನ್ನು ನಮಗೆ ತೋರಿಸಿದನು. ವೃದ್ಧನು ಅದನ್ನು ನಾವೇ ಕಂಡುಕೊಳ್ಳಲೆಂದು ಅಂಗಾಲಿನಲ್ಲಿಯೂ ಅಂಗೈಯಲ್ಲಿಯೂ ಇರಿಸಿದನು. ಹಿರಿಯ ಮಗನು ಒಳಗೆ ಬಂದನೇ ಎಂಬುದನ್ನು ಸುವಾರ್ತೆಯೂ ಹೇಳುವುದಿಲ್ಲ, ಚಿತ್ರವೂ ಹೇಳುವುದಿಲ್ಲ. ಅದರ ಪ್ರತಿಕೃತಿಯೊಂದು ಶ್ರೋತೃಗಳಿಗೆ ಎಲ್ಲಿಯಾದರೂ ದೊರೆತರೆ, ಮುಖಗಳನ್ನು ನೋಡುವ ಮೊದಲು ಕೈಗಳನ್ನು ನೋಡಬೇಕೆಂದು ನಮ್ಮ ವಿಜ್ಞಾಪನೆ.