ದನಿಯನ್ನು ಹಿಗ್ಗಿಸುವ ವಿದ್ಯೆ

ಬೀದರ್, ಭಾಲ್ಕಿ, ಔರಾದ್ ಸೀಮೆಯ ಕನ್ನಡದಲ್ಲಿ ಮರಾಠಿ, ಉರ್ದು, ತೆಲುಗು ಮಾತುಗಳು ಹಾಸುಹೊಕ್ಕಾಗಿವೆ. ಇಂಥ ಕಡೆ ಅಜ್ಜಿಯೊಬ್ಬಳ ಬೀಸುಕಲ್ಲಿನ ಪದವನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸುವುದು ಸುಲಭವಲ್ಲ. ಹಾಡು ಮುಂದೆ ಓಡುತ್ತದೆ, ಕಿವಿ ಹಿಂದೆ ಬೀಳುತ್ತದೆ. ಟೇಪನ್ನೇ ನಿಧಾನವಾಗಿ ಓಡಿಸಿದರೆ ಅಜ್ಜಿಯ ದನಿ ಗಂಡಸಿನ ಗೊಗ್ಗರು ದನಿಯಾಗುತ್ತದೆ.

ಇದೇಕೆ ಹೀಗೆ? ಶಬ್ದವೆಂದರೆ ಕಂಪನ. ಟೇಪಿನ ವೇಗವನ್ನು ಅರ್ಧಕ್ಕಿಳಿಸಿದರೆ ಹಾಡಿನ ಅವಧಿ ಎರಡು ಪಟ್ಟಾಗುತ್ತದೆ. ಕಂಪನಗಳ ಸಂಖ್ಯೆ ಅರ್ಧವಾಗಿ ಸ್ವರ ಒಂದು ಸಪ್ತಕ ಕೆಳಗಿಳಿಯುತ್ತದೆ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಕಂಡುಹಿಡಿದಂದಿನಿಂದಲೂ ಕಾಲ ಮತ್ತು ಸ್ವರ ಒಂದೇ ನೊಗದ ಎತ್ತುಗಳಾಗಿದ್ದವು.

ಈ ನೊಗ ಬಿಚ್ಚುವ ದಾರಿ ತೋರಿದವರಲ್ಲಿ ಡೆನ್ನಿಸ್ ಗಾಬರ್ ಪ್ರಮುಖರು. ಮುಂದೆ 1971ರಲ್ಲಿ ಹೊಲೊಗ್ರಫಿಗಾಗಿ ನೊಬೆಲ್ ಪಡೆದ ಈ ವಿಜ್ಞಾನಿ, ಶಬ್ದವನ್ನು ಸಣ್ಣ ಸಣ್ಣ ಕಣಗಳಾಗಿ ಕಾಣಬಹುದೆಂದು 1940ರ ದಶಕದಲ್ಲೇ ಹೇಳಿದ್ದರು. 1966ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲಾನಗನ್ ಮತ್ತು ಗೋಲ್ಡನ್ 'ಫೇಸ್ ವೊಕೊಡರ್' ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಗಣಕಯಂತ್ರ ದನಿಯನ್ನು ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕಿನಲ್ಲಿ ಯಾವ ಕಂಪನ ಎಷ್ಟಿದೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ತುಣುಕುಗಳನ್ನು ದೂರ ಸರಿಸಿ, ಅಂಚುಗಳು ಕೂಡುವಂತೆ ಹೊಂದಿಸಿ ಹೆಣೆಯುತ್ತದೆ. ಕಾಲ ಹಿಗ್ಗುತ್ತದೆ, ಸ್ವರ ಇದ್ದಲ್ಲೇ ಇರುತ್ತದೆ. ಬೇಕಾದರೆ ಕಾಲವನ್ನು ಮುಟ್ಟದೆ ಸ್ವರವನ್ನಷ್ಟೇ ಏರಿಳಿಸಲೂಬಹುದು. ಒಂದು ಕಾಲಕ್ಕೆ ದೊಡ್ಡ ಯಂತ್ರ ಬೇಡುತ್ತಿದ್ದ ಈ ಕೆಲಸವನ್ನು ಇಂದು ಮೊಬೈಲ್ ಫೋನೇ ಮಾಡುತ್ತದೆ.

ಆದರೆ ಇದಕ್ಕೂ ಮಿತಿಯುಂಟು. ಸ್ವರಾಕ್ಷರಗಳು ಎಳೆದಷ್ಟೂ ಎಳೆಯುತ್ತವೆ. 'ಬಳೆ', 'ಬಾಳೆ'ಗಳ ಹ್ರಸ್ವ ದೀರ್ಘಗಳೆರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವುಗಳ ವ್ಯತ್ಯಾಸ ಅಳಿಯದು. 'ತ', 'ಟ', 'ಕ'ಗಳು ಹಾಗಲ್ಲ. ಅವು ಥಟ್ಟನೆ ಸಿಡಿದು ಮುಗಿಯುವ ಸದ್ದುಗಳು, ಎಳೆದರೆ ಕಲಸಿಹೋಗುತ್ತವೆ. ನಾಲ್ಕು ಭಾಷೆ ಬೆರೆತ ಹಾಡಿನಲ್ಲಿ ಒಂದು ವ್ಯಂಜನ ತಪ್ಪಿದರೆ ಪದವೇ ಬೇರೆಯಾದೀತು.

ಸಂಗೀತದಲ್ಲೂ ಇದೇ ಕಥೆ. ಗದಗಿನ ಭೀಮಸೇನ ಜೋಶಿಯವರಿಗೆ ಎಳವೆಯಲ್ಲೇ ಹಾಡಿನ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಆ ಮೂರನ್ನು ಇಂದು ಆರು ಮಾಡಬಹುದು. ತಾನಿನ ಒಂದೊಂದು ಸ್ವರವನ್ನೂ ಬಿಡಿಸಿ ಕಲಿಯಬಹುದು. ಗಾಯಕರು ಹಾಡದೆ ಬಿಟ್ಟ ಆಲಾಪ ಮಾತ್ರ ಅದರಿಂದ ಹುಟ್ಟದು.

ಹಿಗ್ಗಿಸಿದ ದನಿ ಭೂತಗನ್ನಡಿ ಇದ್ದ ಹಾಗೆ. ಬರೆದುಕೊಳ್ಳಲು ಅದು ಬೇಕು. ಬರೆದದ್ದು ಸರಿಯೇ ಎಂದು ನೋಡಲು ಮೂಲ ದನಿಯೇ ಬೇಕು. ಅಜ್ಜಿ ಹಾಡಿದ ವೇಗವೂ ಅವಳ ಹಾಡಿನ ಭಾಗವೇ. ಆದ್ದರಿಂದ ಮೂಲ ಮುದ್ರಣವನ್ನು ತಿದ್ದದೆ ಕಾಪಿಡುವುದು ಮೊದಲ ಕೆಲಸ.