ಮಲೆನಾಡಿನ ಹೆಸರು, ಕಡಲಿನ ಋಣ

ನಮ್ಮ ಶಿಕಾರಿಪುರ, ಸೊರಬದ ಕಡೆ ನೀರು ಅಂದ್ರೆ ಕೆರೆ, ವರದಾ ಹೊಳೆ. ಕಡಲು ಘಟ್ಟದಾಚೆಯ ಮಾತು. ಆದ್ರೆ ಕದಂಬರ ಕಥೆ ನೋಡಿ. ಈ ಮನೆತನದ ಮೂಲ ಹೇಳೋದು ಶಿಕಾರಿಪುರ ತಾಲೂಕಿನ ತಾಳಗುಂದದ 5ನೇ ಶತಮಾನದ ಕಂಬಶಾಸನ. ಮುಂದೆ ಅದೇ ಹೆಸರು ಹೇಳಿಕೊಂಡ ಗೋವಾ ಕದಂಬರು ಹಡಗು ಹತ್ತಿದರು. ಸೋಮನಾಥ ಯಾತ್ರೆಗೆ ಹೊರಟ ಗುಹಲ್ಲದೇವನ ಹಡಗಿನ ಹಾಯಿಕಂಬ ನಡುದಾರಿಯಲ್ಲೇ ಮುರಿಯಿತು. ಗೋವೆಯ ಬಂದರಿನಲ್ಲಿ ಕೈಹಿಡಿದವನು ಮದುಮದನೆಂಬ ಅರಬ್ ಮೂಲದ ವರ್ತಕ. 11ನೇ ಶತಮಾನದ ತಾಮ್ರಶಾಸನ ಈ ಉಪಕಾರವನ್ನು ನೆನೆಯುತ್ತದೆ. 1ನೇ ಜಯಕೇಶಿ ಆ ವರ್ತಕನ ಮೊಮ್ಮಗನಿಗೆ ಆಡಳಿತದಲ್ಲಿ ಅಧಿಕಾರ ಕೊಟ್ಟ. ಮಸೀದಿಯ ಖರ್ಚಿಗೆ ಹಡಗುಗಳ ಸುಂಕ ಎತ್ತಲು ಒಪ್ಪಿದ.

ಬನವಾಸಿಯಲ್ಲಿ ಕದಂಬೋತ್ಸವ ಮಾಡುವಾಗ ಮಯೂರನ ಪರಾಕ್ರಮ ಹೇಳ್ತೀವಿ. ಈ ಋಣವನ್ನೂ ಹೇಳಬೇಕು ಅನ್ನೋದು ನನ್ನ ಮಾತು.